ಬಲಕ್ಕೆ ಕಡಲು

ಎರಡನೆಯ ದಿನವೇ ಸೆಲೆಸ್ತಿನಾ ಬಸ್ಸು ಹತ್ತಿದಳು.
ಹಿಮ್ಮಡಿಯ ಬೊಕ್ಕೆ ಎತ್ತಿ ತೋರಿಸಿ
"ನೋಡೇ, ನಿನ್ನ ಕಡಲು ಕಚ್ಚಿದ್ದು" ಅಂದಳು.
ಅವಳ ಪಾಲಿನ ಬ್ರೆಡ್ಡು, ಒಂದು ಗಡ್ಡೆ ಬೆಳ್ಳುಳ್ಳಿ,
ಮಡಿಸುವ ಚಾಕು ನನ್ನ ಚೀಲಕ್ಕೆ ಬಂದವು.
ಮೊಣಕಾಲಿನ ಮುಲಾಮು ಮಾತ್ರ ಕೊಡಲಿಲ್ಲ.

ಮೂವತ್ತೊಂದು ವರ್ಷ ಸಾರ್ಡೀನ್ ಡಬ್ಬಿಯ ಕಾರ್ಖಾನೆಯಲ್ಲಿ
ಕಿಟಕಿಗೆ ಬೆನ್ನು ಮಾಡಿ ನಿಂತವಳು ನಾನು, ಇದಾಲಿನಾ.
ಕಡಲೆಂದರೆ ನನಗೆ, ಸೈರನ್ ಕೂಗಿದ ಬೆಳಗಿನ ಜಾವ
ಕ್ರೇಟಿನಲ್ಲಿ ಬಂದಿಳಿಯುವ ತಣ್ಣನೆಯ ಬೆಳ್ಳಿ;
ಕಡಲೆಂದರೆ ಉಗುರಿನ ಸಂದಿಗೆ ಸೇರಿ
ಮದುವೆಯ ದಿನವೂ ಬಿಡದಿದ್ದ ವಾಸನೆ.
ತಲೆ ತೆಗಿ, ಒಳಗು ತೆಗಿ,
ಒಂದು ಹೀಗೆ ಒಂದು ಹಾಗೆ ಮಲಗಿಸು,
ಎಣ್ಣೆ ಹುಯ್ಯಿ, ಮುಂದೆ ತಳ್ಳು.
ಅದರ ಅಂಚಿಗೊಂದು ದಾರಿ ಇದೆಯೆಂದು ಯಾರು ಹೇಳಬೇಕಿತ್ತು?

ಇದೆ. ಬೆಸ್ತರು ಗಾಳ ಹೊತ್ತು ತುಳಿದು ತುಳಿದು ಆದದ್ದು,
ಒಂದು ಪಾದದ ಅಗಲ, ಪೂರ್ತಿ ಮರಳು.
ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆಯ ದೂರ.
ಮಿಕ್ಕಿದ್ದನ್ನು ಮರಳು ಮುರಿದುಕೊಳ್ಳುತ್ತದೆ
ನಮ್ಮ ಹಳೆಯ ಮೇಸ್ತ್ರಿಯ ಹಾಗೆ.
ಎಡಕ್ಕೆ ನೆಲ, ಬಲಕ್ಕೆ ಕಡಲು, ಇಷ್ಟು ನೆನಪಿದ್ದರೆ
ದಕ್ಷಿಣ ತಾನಾಗಿ ಸಿಗುತ್ತದೆ.
ಕಲ್ಲಿನ ಮೇಲೆ ಹಸಿರು, ನೀಲಿ ಗೀಟು: ಸರಿ, ನಡಿ.
ಎರಡೂ ಕತ್ತರಿ ಹಾಕಿದ್ದರೆ: ಇದಲ್ಲ, ತಿರುಗು.
ಬಣ್ಣ ಬಳಿದವನ ಕೈ ತಣ್ಣಗಿರಲಿ.
ವೆನಾನ್ಸಿಯುವಿನ ಮನೆಬಾಗಿಲಿಗೂ ಇಂಥದೊಂದು ಕತ್ತರಿ ಗುರುತು
ಯಾರಾದರೂ ಬಳಿದಿದ್ದರೆ...
ಬಿಡಿ. ಆಗಲೂ ಒಳಗೇ ಹೋಗುತ್ತಿದ್ದೆ.

ನಾಲ್ಕನೆಯ ದಿನವೋ, ಐದೋ.
ನೀರ ನಡುವಿನ ಒಂಟಿ ಬಂಡೆಯ ನೆತ್ತಿಗೆ
ಬಿಳಿ ಕೊಕ್ಕರೆಯ ಗೂಡು. ಬೇರೆಲ್ಲೂ ಸಿಗಲಿಲ್ಲವೇನೇ ಜಾಗ?
ಕೆಳಗೆ ಅಲೆ ಒಡೆದು ನೊರೆ ಮೇಲಕ್ಕೆ ಹಾರಿದರೂ
ಅದು ಕತ್ತು ತಿರುಗಿಸಲಿಲ್ಲ. ಪುಕ್ಕ ಬಲಿಯದ ಎರಡು ಮರಿ
ಗಾಳಿಗೇ ಬಾಯಿ ತೆರೆದು ಕೂತಿದ್ದವು.
ಬೆಳ್ಳುಳ್ಳಿ ಉಜ್ಜಿ ಬ್ರೆಡ್ಡು ತಿಂದೆ, ನೋಡುತ್ತ, ಬಹಳ ಹೊತ್ತು.

ಅಲ್ಮೊಗ್ರಾವ್ ದಾಟಿದ ಮೇಲೆ ಒಂದು ಹಗ್ಗ,
ಗೂಟಕ್ಕೆ ಬಿಗಿದು ಕೆಳಕ್ಕೆ, ಕೊರಕಲಿಗೆ, ಇಳಿಬಿಟ್ಟದ್ದು.
ಅದರ ತುದಿಯಿಂದ ಮನುಷ್ಯನೊಬ್ಬ ಹತ್ತಿ ಬಂದ.
ಸೊಂಟದ ಬಲೆಚೀಲದಲ್ಲಿ ಬಂಡೆಗೆ ಕಚ್ಚಿ ಬೆಳೆಯುವ ಪೆರ್ಸೆಬ್,
ಪುಟ್ಟ ಮೃಗದ ಗೊರಸಿನಂಥವು,
ಅಲೆ ಹಿಂದೆ ಸರಿದ ಕ್ಷಣದಲ್ಲಿ ಕಿತ್ತವು.
ಮೊಣಕೈ ತರಚಿತ್ತು. ಓರಾಸಿಯು ಅಂದ ಹೆಸರು.
"ತಮ್ಮ ಇಲ್ಲೇ ಹೋದದ್ದು. ಕಡಲದೇನೂ ತಪ್ಪಿಲ್ಲ.
ಅದಕ್ಕೆ ಬೆನ್ನು ತೋರಿಸಿದ, ಸಿಗರೇಟು ಹಚ್ಚಲು, ಅಷ್ಟೇ ಹೊತ್ತು."
ಮೂವತ್ತೊಂದು ವರ್ಷ ನಾನು ತೋರಿಸಿದ್ದೂ ಅದನ್ನೇ ಎಂದು
ಅವನಿಗೆ ಹೇಳಲಿಲ್ಲ.
ಒಂದು ಹಿಡಿ ನನ್ನ ಟೋಪಿಗೆ ಸುರಿದ. ದುಡ್ಡು ಬೇಡವೆಂದ.

ಆಮೇಲೆ ಮೂರು ದಿನ ಗಾಳಿ.
ಗಾಳಿಯ ಬಗ್ಗೆ ಬರೆಯಲು ಏನಿಲ್ಲ. ಟೋಪಿ ಹೋಯಿತು.

ಒದೆಸೈಶ್‌ನಲ್ಲಿ, ಹೊಳೆ ಕಡಲಿಗೆ ಸೇರುವಲ್ಲಿ,
ಅಂಗಡಿಯಿಂದ ಸಾರ್ಡೀನ್ ಡಬ್ಬಿಯೊಂದು ಕೊಂಡೆ.
ನಮ್ಮ ಕಾರ್ಖಾನೆಯದಲ್ಲ; ಅದೀಗ ಹೋಟೆಲು.
ಮರಳಲ್ಲಿ ಕೂತು ರಿಂಗು ಎಳೆದೆ.
ಐದು ಮೀನು. ಒಂದು ಹೀಗೆ, ಒಂದು ಹಾಗೆ, ಒಂದು ಹೀಗೆ,
ನಾಲ್ಕನೆಯದೂ ಹೀಗೆಯೇ ಮಲಗಿಬಿಟ್ಟಿತ್ತು.
ಯಾರವಳು? ನಿದ್ದೆಗೆಟ್ಟಿದ್ದಳೋ, ಮಗುವಿಗೆ ಜ್ವರವೋ,
ಇಲ್ಲಾ ಒಂದು ಗಳಿಗೆ ಕಿಟಕಿಯತ್ತ ತಿರುಗಿದ್ದಳೋ.
ಆ ಮೀನನ್ನೇ ಮೊದಲು ತಿಂದೆ.
ಬೆರಳು ನೆಕ್ಕಿ ಮೂಸಿ ನೋಡಿದೆ. ಅದೇ.

ಭೂಶಿರಕ್ಕೆ ಇನ್ನೂ ಬಹಳ ಇದೆಯಂತೆ, ಅಂಗಡಿಯವಳು ಹೇಳಿದಳು,
ಅಲ್ಲಿಗೆ ನೆಲ ಮುಗಿಯುತ್ತದಂತೆ.
ಬೂಟು ಬಿಚ್ಚಿ ಕೊಡವಿದೆ.
ಒಂದು ಡಬ್ಬಿ ತುಂಬುವಷ್ಟು ಮರಳು ಬಿತ್ತು.