ಬಂದರಿನ ತಕ್ಕಡಿ

ಆಸ್ಪತ್ರೆಯ ತಕ್ಕಡಿ ನೂರೈವತ್ತಕ್ಕೇ ಸೋಲುತ್ತದೆ.
ಆಮೇಲೆ ತೋರುವುದು ಎರಡೇ ಎರಡು ಗೆರೆ,
ಗುಟ್ಟು ಕಚ್ಚಿ ಹಿಡಿದ ತುಟಿಗಳ ಹಾಗೆ.

ಸಿಯೊಸಾಯಾ ಅದರ ಮೇಲೆ ನಿಂತು ಕೇಳಿದ:
'ಎಷ್ಟು, ಸಿಸ್ಟರ್?'
ಇಪ್ಪತ್ತೆರಡು ವರ್ಷ ಗಾಯ ತೊಳೆದ ನಾನು, ಕಲೊಲೈನೆ,
ಗೋಡೆಯ ಕ್ಯಾಲೆಂಡರು ನೋಡಿದೆ.

ನಾಳೆ ಅವನ ಎಡಗಾಲು ಹೋಗುತ್ತದೆ, ಮೊಣಕಾಲಿನ ಕೆಳಗೆ.
ಮಂಪರಿನ ಮದ್ದಿಗೆ ಅಂದಾಜು ನಡೆಯದು,
ಅಂದರು ಫಿಜಿಯಿಂದ ಬಂದ ಡಾಕ್ಟರು.
ಮೀನಿನ ಲಾರಿ ಕಡ ತಂದೆವು.
ಆಂಬುಲೆನ್ಸಿನ ಸ್ಟ್ರೆಚರು ಹೋದ ತಿಂಗಳೇ
ಇನ್ನೊಬ್ಬಳ ಕೆಳಗೆ ಮುರಿದಿತ್ತು.
ಆರು ಜನ ಹಿಡಿದು ಎತ್ತುವಾಗ ಅವನೇ ನಕ್ಕ:
'ಹೆಣ ಹೊರುವವರು ಈಗಲೇ ಅಭ್ಯಾಸಕ್ಕೆ ಬಂದರೋ!'
ನಾವೂ ನಕ್ಕೆವು.
ನನ್ನ ಸೊಂಟ ನಗಲಿಲ್ಲ.

ವವಾವುವಿನಲ್ಲಿ ತೂಕ ಅಂದರೆ ಮರ್ಯಾದೆ.
ತೂಕದ ಮನುಷ್ಯನಿಗೆ ಚಾಪೆ ಮೊದಲು, ಹಂದಿಯ ಬೆನ್ನು ಮೊದಲು.
ಸಣಕಲು ಸೊಸೆ ಹಬ್ಬಕ್ಕೆ ಬಂದರೆ
ನೆರೆಯವರು ಅತ್ತೆಯನ್ನು ನೋಡುತ್ತಾರೆ.
ಯಾರನ್ನೂ ಹಗುರವಾಗಿ ಕಾಣಬಾರದೆಂದು ಕಲಿತವರು ನಾವು.
ಈಗ ನಾನೇ ಮನೆಮನೆಗೆ ಹೋಗಿ
ಹಗುರಾಗಿ, ಹಗುರಾಗಿ, ಅನ್ನುತ್ತೇನೆ,
ನನ್ನದೇ ಸಮವಸ್ತ್ರದ ನಡುವಿನ ಗುಂಡಿ
ಪಿನ್ನಿನಲ್ಲಿ ನಿಂತಿರುವಾಗ.

ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆ, ಹನ್ನೊಂದರಲ್ಲಿ ಪಾದಗಳು.
ಹೆಸರು ಮರೆತಾಗ ಹಾಗೇ ಕರೆಯುತ್ತೇವೆ, ದೇವರು ಕ್ಷಮಿಸಲಿ:
ಕಿಟಕಿಯ ಪಾದ, ಬಾಗಿಲ ಪಾದ, ರಾತ್ರಿ ಹಾಡುವ ಪಾದ.
ಹೆರಿಗೆಗೆ ಬಂದ ಹುಡುಗಿ ಬೆಂಚಿನ ಮೇಲೆ ನೋವು ಎಣಿಸುತ್ತಾಳೆ.
ಕೆಮ್ಮುವ ಮಗುವಿಗೆ ಸಿಗಬೇಕಾದ ನನ್ನ ಒಂದು ಗಂಟೆ
ಯಾರದೋ ಹಿಮ್ಮಡಿಯ ಕೀವಿನಲ್ಲಿ ಕಳೆಯುತ್ತದೆ.
ಗಾಜು ಬಟ್ಟೆ ಮುಗಿದ ದಿನ
ಹಳೆಯ ದುಪ್ಪಟಿ ಹರಿದು ಕುದಿಸುತ್ತೇವೆ.
ರಾಜಧಾನಿಯಿಂದ ಪತ್ರ ಬಂದಿದೆ:
ಬ್ಯಾಂಡೇಜಿನ ಖರ್ಚು ಮಿತಿ ಮೀರಿದೆ, ಕಾರಣ ತಿಳಿಸಿ.
ಮೂರು ರಾತ್ರಿ ಕೂತೆ. 'ಮಾನ್ಯರೇ' ದಾಟಲಿಲ್ಲ.

ಬಂದರಿನಲ್ಲಿ ಹಡಗು ಖಾಲಿಯಾಗುತ್ತಿತ್ತು.
ಆಕ್ಲೆಂಡಿನ ಪೆಟ್ಟಿಗೆಗಳು, ಮಂಜುಗಟ್ಟಿದ ಕುರಿಯ ಪಕ್ಕೆ,
ಅಲ್ಲಿಯವರು ತಟ್ಟೆಯಂಚಿಗೆ ಸರಿಸುವ ಕೊಬ್ಬು.
ನಮ್ಮ ಮೀನಿಗಿಂತ ಅಗ್ಗ.
ನಮ್ಮ ಮೀನು ಅದೇ ಹಡಗು ಹತ್ತಿ ಹೊರಡುತ್ತದೆ.
ಪೆಟ್ಟಿಗೆಗಳ ಸರದಿ ಮುಗಿಯುವ ತನಕ
ಬಿಸಿಲಲ್ಲಿ ನಿಂತೆವು.

ಇದೇ ಕಬ್ಬಿಣದ ಹಲಗೆಯ ಮೇಲೆ ಒಂದು ಕಾಲಕ್ಕೆ
ಸಿಯೊಸಾಯಾ ಕೊಬ್ಬರಿ ಮೂಟೆ ಒಗೆಯುತ್ತಿದ್ದ,
ಹೆಗಲಿಗೊಂದು, ಹೆಗಲಿಗೊಂದು, ಶಿಳ್ಳೆ ನಿಲ್ಲಿಸದೆ.
ತೂಗುವ ಮುದುಕ ಪೆನಿಸಿಮಾನಿಗೆ ಅದು ನೆನಪಿತ್ತು.
ಏನೂ ಅನ್ನಲಿಲ್ಲ.
ಹಲಗೆಯ ಜಿಡ್ಡುನೀರು ತನ್ನ ಅಂಗಿಯಲ್ಲೇ ಒರೆಸಿದ,
ಸೊಂಟಕ್ಕೆ ಸುತ್ತಿದ್ದ ಚಾಪೆ ಬಿಚ್ಚಿ
ದೊರೆಗೆ ಹಾಸುವಂತೆ ಹಾಸಿದ.
ಕಲ್ಲುಗಳನ್ನು ಸದ್ದಾಗದಂತೆ ಇಟ್ಟ, ಒಂದರ ಮೇಲೊಂದು.
ಮುಳ್ಳು ನಡುಗಿ ನಿಂತಿತು.
ಅಂಕಿಯನ್ನು ಬಾಯಲ್ಲಿ ಹೇಳಲಿಲ್ಲ,
ಚೀಟಿಯಲ್ಲಿ ಬರೆದು, ನಾಲ್ಕು ಮಡಿಕೆ ಮಾಡಿ, ನನ್ನ ಕೈಗಿಟ್ಟ.
'ಚಾಪೆಯ ತೂಕ ಕಳೆದಿದ್ದೇನೆ.'

ಆಮೇಲೆ ಖಾತೆಯ ಪುಸ್ತಕ ತೆರೆದ. ಬಂದರಿನ ನಿಯಮ:
ಹಲಗೆಗೆ ಏರಿದ್ದೆಲ್ಲ ಪುಸ್ತಕಕ್ಕೂ ಏರಬೇಕು.
ಮೇಲಿನ ಸಾಲಿನ ಶಾಯಿ ಇನ್ನೂ ಹಸಿ:
ಕುರಿಯ ಪಕ್ಕೆ, ನಾನೂರು ಪೆಟ್ಟಿಗೆ,
ಕಳಿಸಿದವರ ಹೆಸರು, ಪಡೆದ ಅಂಗಡಿಯ ಹೆಸರು.
ಅದರ ಕೆಳಗೆ ನಮ್ಮ ಸಾಲು.
ಪಡೆದವರು: ಆಸ್ಪತ್ರೆ. ಕೇಳದೆಯೇ ಬರೆದ.
ಪೆನ್ನು ಹಿಂದೆ ಸರಿದು ಖಾಲಿ ಮನೆಯ ಮೇಲೆ ನಿಂತಿತು.
'ಕಳಿಸಿದವರು?'

ಸಿಯೊಸಾಯಾ ಹಡಗನ್ನೇ ನೋಡುತ್ತಿದ್ದ.
ಲಾರಿಯ ಹುಡುಗ ಹಾರನ್ ಒತ್ತಿದ, ಅವನ ಮಂಜು ಕರಗುತ್ತಿತ್ತು.
ನಾನು ಬಾಯಿ ತೆರೆದೆ, 'ಮಾನ್ಯರೇ' ಎಂಬಷ್ಟೇ ಬಂದೀತೆಂದು
ಮತ್ತೆ ಮುಚ್ಚಿದೆ.
ಮುದುಕ ಪೆನ್ನಿಗೆ ಮುಚ್ಚಳ ಹಾಕಿದ.

ಬೆಳಿಗ್ಗೆ ಎಂಟಕ್ಕೆ ಆಪರೇಷನ್.
ಎರಡು ಮೇಜು ಜೋಡಿಸಿ ಹಗ್ಗ ಬಿಗಿಯಬೇಕು.
ಬಂದರಿನಲ್ಲೇ ಕೇಳಿದೆ. ಹಗ್ಗ ಕೊಟ್ಟರು.