ಗಿಟಾರಿನ ಬಣ್ಣ

ಶನಿವಾರ ಸಂಜೆ ಬೈತಕೋಲಿನಲ್ಲಿ
ದಾಮು ಹರಿಕಂತ್ರನ ಇಂಜಿನ್ ಶೆಡ್ಡಿಗೆ ಬೀಗ ಬೀಳುವುದಿಲ್ಲ.
ಬಿಚ್ಚಿಟ್ಟ ಪಿಸ್ಟನ್ನುಗಳ ನಡುವೆ ಟೇಪ್ ರೆಕಾರ್ಡರು,
ಡೀಸೆಲ್ ಡಬ್ಬಿಯ ಮೇಲೆ ನಾನು,
ಟೈರಿನ ಮೇಲೆ ನನ್ನಣ್ಣ ಕಾಯ್ತಾನ್.
ಮೀನು ಸೊಸೈಟಿಯ ಲೆಕ್ಕ ಮುಗಿಸಿ ಬರುವ ತಳೇಕರರು
ನಿಂತೇ ಇರುತ್ತಾರೆ,
ಪ್ಯಾಂಟಿಗೆ ಗ್ರೀಸು ತಾಗೀತೆಂದು.

ದೊಡ್ಡ ದೊಡ್ಡವರ ಹೆಸರು
ನಮ್ಮ ನಾಲಿಗೆಗೆ ಮೊದಲು ಹತ್ತಲಿಲ್ಲ.
ಕ್ಯಾಸೆಟ್ಟಿನ ಮೇಲೆ ಬರೆದದ್ದು ಬೆವರಿಗೆ ಅಳಿಸಿರುತ್ತಿತ್ತು.
ನಾಮಕರಣ ನಾವೇ ಮಾಡಿದೆವು:
ಎರಡು ಕೈಯಲ್ಲಿ ಎಂಟು ಕೈಯಷ್ಟು ಬಾರಿಸುವ ಡ್ರಮ್ಮಿನವ, ಕುರ್ಲಿ.
ತೆಳ್ಳಗೆ, ಉದ್ದಕ್ಕೆ, ಹಿಡಿದಷ್ಟೂ ಜಾರುವ ಹಾಡುಗಾರ, ನೊಗಲಿ.
ಗಿಟಾರನ್ನೇ ಮಗುಚಿ ಹಿಡಿದ ಎಡಚ, ಬೇಗ ಸತ್ತವನು,
ಅವನಿಗೆ ಮಾತ್ರ ಮೀನಿನ ಹೆಸರಿಲ್ಲ.
ದಾಮು ಅವನನ್ನು 'ನಮ್ಮವ' ಅನ್ನುತ್ತಾನೆ,
ಸ್ಪ್ಯಾನರನ್ನು ಎಡಗೈಯಲ್ಲಿ ತಿರುಗಿಸುತ್ತ.

"ಕುರ್ಲಿ ಇಲ್ಲದಿದ್ದರೆ ಎಂತ ಇದೆ ಆ ಬ್ಯಾಂಡಿನಲ್ಲಿ?"
"ಬೇಸ್‌ನವ ಇದ್ದಾನೆ. ಅವ ಸುಮ್ಮನಾದರೆ
ನಿಮ್ಮ ನೊಗಲಿ ಒಣಮೀನು."
ತಳೇಕರರು ವಾರಕ್ಕೆ ಆಡುವುದು ಅದೊಂದೇ ಮಾತು.

ಆಮೇಲೆ ಮಾತು ಮಡಗಾಂವಿಗೆ ಹೋಗುತ್ತದೆ,
ಕಡೆಯ ಬಸ್ಸಿನ ಹಾಗೆ, ತಪ್ಪದೆ.
ಎಂಬತ್ತೇಳರ ಡಿಸೆಂಬರು. ಮುಂಬಯಿಯ ಟಿನ್ ಲ್ಯಾಂಟರ್ನ್.
ಕಾಯ್ತಾನ್ ಎದ್ದು ನಿಲ್ಲುತ್ತಾನೆ:
"ನಾನು, ಫಿಲು, ಇಬ್ಬರೂ. ಐಸಿನ ಲಾರಿಯಲ್ಲಿ.
ಹೊಗೆ ಅಂದರೆ ಹೊಗೆ! ಕೆಂಪು ದೀಪ!
ಹಾಡುಗಾರನ ಬೆಲ್ಟಿನ ಬಕ್ಕಲು ಇಷ್ಟಗಲ."

ಇಬ್ಬರೂ ಹೋದದ್ದು ನಿಜ.
ಟಿಕೆಟ್ಟು ಒಂದೇ ಇತ್ತು.
ಗೇಟಿನ ಹತ್ತಿರ ನಾಣ್ಯ ಚಿಮ್ಮಿದೆವು, ಗೆದ್ದವಳು ನಾನು.
"ಹುಡುಗಿ ಒಬ್ಬಳೇ ಒಳಗೆ ಎಂತಕ್ಕೆ?" ಅಂದ,
ನಾಣ್ಯವನ್ನೂ ಟಿಕೆಟ್ಟನ್ನೂ ಒಂದೇ ಜೇಬಿಗೆ ಹಾಕಿಕೊಂಡ.

ಆಗ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೊಸಬಳು.
ಅಂಕೋಲೆಯ ಕೆಮ್ಮು ಯಾರದು, ಹೊನ್ನಾವರದ ಬಿಕ್ಕು ಯಾರದು,
ಕಿವಿಯಿಂದಲೇ ಮುಖ ಕಟ್ಟುವುದು ಸಂಬಳದ ಕೆಲಸ.
ಸಭಾಂಗಣದ ಹಿಂಗೋಡೆಗೆ ಅಂಗೈ ಒತ್ತಿ ನಿಂತೆ.
ಲಾರಿಯಿಂದ ಐಸಿನ ನೀರು ಉಮಿಯೊಳಗಿಂದ ತೊಟ್ಟಿಕ್ಕುತ್ತಿತ್ತು.
ಬೇಸು ಕಲ್ಲಿನೊಳಗಿಂದ ಹೊರಟು
ಮೊಣಕೈಗೆ ಏರಿತು, ಹಲ್ಲಿಗೆ ಬಂತು.
ಮೂರನೆಯ ಹಾಡಿನಲ್ಲಿ ಡ್ರಮ್ಮು ಅರ್ಧ ಹೆಜ್ಜೆ ಮುಂದೆ ಓಡಿತು,
ಬೇಸಿನವ ತೋಳು ಹಿಡಿದು ವಾಪಸು ತಂದ.
ಐದನೆಯದರಲ್ಲಿ ತಂತಿಯೊಂದು ಹರಿಯಿತು.
ಒಳಗಿನವರ ಚಪ್ಪಾಳೆಗೆ ಅದು ಕೇಳಿಸಿರಲಾರದು.

"ಮೊದಲ ಹಾಡು ಯಾವುದು?" ಎಂದು ಯಾರಾದರೂ ಕೇಳಿದರೆ
ಕಾಯ್ತಾನ್ ಈಗಲೂ ನನ್ನ ಮುಖ ನೋಡುತ್ತಾನೆ.
ಹನ್ನೊಂದನ್ನೂ ಕ್ರಮವಾಗಿ ಹೇಳುತ್ತೇನೆ,
ಹರಿದ ತಂತಿಯನ್ನು ಬಿಟ್ಟು.
ಅದನ್ನು ಯಾರಿಗೂ ಕೊಟ್ಟಿಲ್ಲ.

ಬರುವಾಗ ಅವನಿಗೆ ನಿದ್ದೆ, ನನ್ನ ಭುಜದ ಮೇಲೆ.
ಕೋಡಿಬಾಗಕ್ಕೆ ಬರುವ ಮೊದಲು ಕಾಳಿ ಸೇತುವೆ.
ಒಂದೊಂದು ಸಂದಿಗೂ ಲಾರಿ ಧಡ್ ಎನ್ನುತ್ತಿತ್ತು,
ಧಡ್, ಸ್ವಲ್ಪ ಖಾಲಿ, ಧಡ್.
ಕೆಳಗೆ ಯಾವುದೋ ದೋಣಿಯ ಲಾಟೀನು.
ಆ ಹಳೆ ಸೇತುವೆ ಕುಸಿದು ನದಿಗೆ ಬಿತ್ತೆಂದು ಟಿವಿಯಲ್ಲಿ ಬಂದಾಗ
ನನ್ನ ಬೆರಳು ತಟ್ಟೆಯಂಚಿಗೆ ಬಡಿಯುತ್ತಿತ್ತು.
ಅನ್ನ ಆರಿತು.

ಕಳೆದ ವಾರ ಸುಂಕೇರಿಯ ವಿಲ್ಮನ್ ಬಂದಿದ್ದ,
ಮದುವೆ ಬ್ಯಾಂಡಿನಲ್ಲಿ ಬೇಸ್ ನುಡಿಸುವ ಹುಡುಗ.
ಅಷ್ಟು ಹೊತ್ತು ಸುಮ್ಮನಿದ್ದು ಕೇಳಿದ:
"ಫಿಲು ಬಾಯ್, ಅವರ ಬೇಸ್ ಗಿಟಾರು ಯಾವ ಬಣ್ಣ?"

ಹಿಂದೊಮ್ಮೆ ಯಾರಿಗೋ ನೀಲಿ ಅಂದಿದ್ದೆ.
ಅದಕ್ಕೂ ಮೊದಲು ಕಪ್ಪು.
"ಹಳದಿ," ಅಂದೆ.

ಕಾಯ್ತಾನ್ ಚಪ್ಪಲಿಯ ಉಂಗುಷ್ಠ ಸರಿಮಾಡಿಕೊಂಡ.
ಬಂದರಿನಲ್ಲಿ ಟ್ರಾಲರೊಂದು ಹಾರ್ನ್ ಕೊಟ್ಟಿತು.
"ಹಳದಿಯೇ," ಎಂದ ನನ್ನಣ್ಣ,
ಒಳಗಿದ್ದವನು,
"ಮಾಗಿದ ಮಾವಿನ ಹಳದಿ. ಇವಳಿಗೆ ಚೆನ್ನಾಗಿ ಕಾಣುತ್ತಿತ್ತು,
ನನ್ನ ಮುಂದೆಯೇ ಇದ್ದಳು."

ದಾಮು, ಇಂಜಿನ್ ಸದ್ದಿಗೆ ಒಂದು ಕಿವಿ ಕಳಕೊಂಡವನು,
"ಎಂತ? ಎಂತ ಅಂದೆ?" ಎಂದು ಕೇಳಿದ.
ಯಾರೂ ಮತ್ತೆ ಹೇಳಲಿಲ್ಲ.
ಅವನು ಕ್ಯಾಸೆಟ್ಟು ಮಗುಚಿ ಹಾಕಿ
ಟೇಪಿನ ಮೇಲೆ ಅಂಗೈ ಇಟ್ಟು ಕೂತ.