ಜುಂಬೆರನ ಬೀಗ

ಮೆಟ್ಟಿಲ ಕೆಳಗಿನ ಗೂಡು. ಹಿಂದೆ ಇಲ್ಲಿ
ದ್ರಾಕ್ಷಾರಸದ ಗಡಿಗೆಗಳಿದ್ದವಂತೆ; ಗೋಡೆಗೆ ಇನ್ನೂ ಹುಳಿವಾಸನೆ.
ಈಗ ಒಂದು ಕರಿ ಪೆಟ್ಟಿಗೆ, ಎರಡು ಫ್ಯಾನು,
ಅಲುಗದಿರಲೆಂದು ಅಡಿಗೆ ಕೊಟ್ಟ
ಹಳೇ ನಕ್ಷೆಯ ಮಡಿಕೆ.
ಕುತಾಯಿಸಿಯ ಈ ಭೂಮಾಪನ ಕಚೇರಿಗೆ
ನೆನಪು ಅಂತ ಏನಿದ್ದರೂ ಇದರೊಳಗೆ.
ಬೀಗದ ಕೈ ನನ್ನ ಸೊಂಟದಲ್ಲಿ.

ಮೇಲೆ ಏಳು ಮೇಜು, ಏಳು ವಿಂಡೋಸ್.
ಕೆಳಗೆ ಲಿನಕ್ಸ್ ಒಂದೇ.
ಬೀಗರ ಹಾಗೆ ಇವರು. ಒಂದೇ ಪಂಕ್ತಿಯಲ್ಲಿ ಕೂತರೂ
ಒಬ್ಬರ ಮಾತು ಒಬ್ಬರಿಗೆ ಒಗ್ಗದು:
ಅವರಿಗೆ ದಾರಿಯ ಗೀಟು ಎಡಕ್ಕೆ ಒರಗಬೇಕು,
ಇವರಿಗೆ ಬಲಕ್ಕೆ.
ನಡುವೆ ಸಾಂಬಾ ಎಂಬ ದುಭಾಷಿ. ಹೆಸರು ಕೇಳಿ
ಗುಲಿಕೋ ಮೊದಲ ದಿನ ಕುಣಿದೇ ತೋರಿಸಿದ್ದಳು,
ಖಾತೆಪುಸ್ತಕ ಎದೆಗೊತ್ತಿಕೊಂಡು,
ಅರವತ್ತರ ಹೆಂಗಸು.

ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ ಎನ್ನುತ್ತದೆ ಲಿನಕ್ಸ್.
ಎರಡೂ ಒಂದೇ ಬಿಡು ಎನ್ನುತ್ತದೆ ವಿಂಡೋಸ್.
ಈ ಜಗಳ ನಮ್ಮದಲ್ಲ. ನಮ್ಮ ಬರಹದಲ್ಲಿ
ದೇವರನ್ನೂ ದನವನ್ನೂ
ಒಂದೇ ಎತ್ತರಕ್ಕೆ ಬರೆಯುತ್ತೇವೆ.
ಆದರೂ ಮೊದಲ ವಾರ ಆ ದುಂಡು ಅಕ್ಷರಗಳೆಲ್ಲ
ಮೆಟ್ಟಿಲು ಹತ್ತುವಷ್ಟರಲ್ಲಿ
ಪ್ರಶ್ನೆಚಿಹ್ನೆಗಳಾಗಿಬಿಟ್ಟವು.
ಇಡೀ ತಾಲ್ಲೂಕಿನ ಹೊಲಗದ್ದೆ ಪರದೆಯ ಮೇಲೆ
ಯಾರದು? ಯಾರದು? ಯಾರದು?
ಒಂದು ಸಾಲು ತಿದ್ದಿದೆ.
ಹೆಸರುಗಳು ಅವರವರ ಮನೆಗೆ ಮರಳಿದವು.

ಮಾಘದ ಚಳಿ. ಗುಲಿಕೋ ಇಳಿದು ಬಂದಳು,
ಮುಖದಲ್ಲಿ ರಕ್ತವಿಲ್ಲ.
‘ಜುಂಬೆರ್ ಕಡತ ತೆರೆದುಕೊಂಡು ಕೂತಿದ್ದಾನೆ.’
ಜುಂಬೆರ್ ತೀರಿಕೊಂಡು ಅವತ್ತಿಗೆ ಮೂವತ್ತೊಂದು ದಿನ.

ಹೋಗಿ ನೋಡಿದೆ. ಹೌದು:
ಈ ಕಡತವನ್ನು ಜುಂಬೆರ್ ಬಳಸುತ್ತಿದ್ದಾರೆ.
ಓದಲು ಮಾತ್ರ ತೆರೆಯಲೇ?

ನನಗೆ ಗೊತ್ತಿತ್ತು ಏನೆಂದು. ಆ ಸಂಜೆ ಕರೆಂಟು ಹೋಯಿತು,
ಅವನು ಕೋಟು ಹಾಕಿಕೊಂಡು ಎದ್ದ,
ಯಂತ್ರ ಹೋಗಿಬರುತ್ತೇನೆ ಎನ್ನದೆ ಹೋಯಿತು.
ಉಳಿದದ್ದು ಉಗುರಿನಷ್ಟು ಒಂದು ಬೀಗದ ಕಡತ,
ಮೇಲಿನವರಿಗೆ ಕಾಣದಂತೆ ಅಡಗಿ,
ಅದರೊಳಗೆ ಅವನ ಹೆಸರು, ಅಷ್ಟೆ.
ಒಂದು ಆಜ್ಞೆ ಸಾಕು ಅಳಿಸಲು.
ಬೆರಳೂ ಇಟ್ಟಿದ್ದೆ.
‘ನಲವತ್ತು ಕಳೆಯಲಿ’ ಎಂದಳು. ‘ಒಂಬತ್ತೇ ದಿನ.’

ಕಡತ ಯಾವುದೆಂದರೆ, ಅಣ್ಣತಮ್ಮಂದಿರಿಬ್ಬರ
ಹೇಜಲ್‌ಕಾಯಿ ತೋಟದ ಗಡಿ.
‘ಅಂತಿಮ’, ‘ಅಂತಿಮ ೨’, ‘ನಿಜವಾಗಲೂ ಅಂತಿಮ’
ಅಂತ ಮೂರು ಪ್ರತಿ, ಎಲ್ಲ ಜುಂಬೆರನದೇ.
ಮಂಗಳವಾರ ಬಂತೆಂದರೆ ಆ ಇಬ್ಬರೂ ಬಂದು
ಕಿಟಕಿಗಾಜು ನಡುಗುವಂತೆ ಕೂಗಾಡುವವರು.
ಈ ಮಂಗಳವಾರ ಗುಲಿಕೋ ತಲೆಯೆತ್ತದೆ ಹೇಳಿದಳು,
‘ಕಡತ ಜುಂಬೆರನ ಹತ್ತಿರ ಇದೆ.’
ಅವರು ಟೋಪಿ ತೆಗೆದರು. ಶಿಲುಬೆ ಗೀರಿಕೊಂಡರು.
ಹೊರಗೆ ಹೋಗಿ ಒಂದೇ ಬೆಂಕಿಕಡ್ಡಿಯಲ್ಲಿ
ಇಬ್ಬರೂ ಸಿಗರೇಟು ಹಚ್ಚಿದ್ದನ್ನು
ನಾನೇ ಕಂಡೆ.

ನಲವತ್ತನೆಯ ದಿನ ಉಂಡೆವು. ರೊಟ್ಟಿಯ ಚೂರಿನ ಮೇಲೆ
ಅವನ ಪಾಲಿನ ದ್ರಾಕ್ಷಾರಸ ಸುರಿದೆವು.
ಕೈ ತೊಳೆದು ಕೆಳಗಿಳಿದೆ, ಬೀಗ ತೆಗೆದೆ.
ನಿಯಮದಂತೆ, ಪಟ್ಟಿಯಿಂದ ಹೆಸರನ್ನೂ.

ಈಗ ಒಡೆಯ ಯಾರೆಂದು ಕೇಳಿದರೆ ಪೆಟ್ಟಿಗೆ
ಹೆಸರು ಹೇಳುವುದಿಲ್ಲ: ೧೦೦೭ ಎನ್ನುತ್ತದೆ.
ಹನ್ನೆರಡು ವರ್ಷದ ಗಡಿಗಳು, ಬಾವಿಗಳು, ಬೇಲಿಯ ಮೂಲೆಗಳು,
ಮೊಮ್ಮಗಳ ಹಲ್ಲು ಬಿದ್ದ ಒಂದು ಫೋಟೋ, ಎಲ್ಲವೂ ೧೦೦೭.
ಹೊಸ ಹುಡುಗನಿಗೆ ೧೦೦೮ ಕೊಟ್ಟೆ.
ಅದೇ ಸಂಖ್ಯೆ ಕೊಟ್ಟಿದ್ದರೆ ಸತ್ತವನ ಸೊತ್ತೆಲ್ಲ
ಕೇಳದೆ ಕರೆಯದೆ ಅವನಿಗೆ ಸೇರುತ್ತಿತ್ತು;
ಪೆಟ್ಟಿಗೆಗೆ ವ್ಯತ್ಯಾಸ ತಿಳಿಯದು.

ಕಡತ ತೆರೆದು ನೋಡಿದರೆ ಗೆರೆ
ತೊರೆಯಿಂದ ಹೊರಟು ಅಕ್ರೋಟು ಮರದವರೆಗೆ ಬಂದು
ಅಲ್ಲೇ ನಿಂತಿದೆ. ಮುಂದಿನದನ್ನು ಓತಾರ್
ಟೇಪು ಹಿಡಿದು ಹೋಗಿ ಅಳೆಯಬೇಕು,
ಹಿಮ ಕರಗಿದ ಮೇಲೆ.

ಫ್ಯಾನು ಸುತ್ತುತ್ತಾ ಒಮ್ಮೆ ತಡವರಿಸಿತು.
ಧೂಳು ಒರೆಸಬೇಕು.